ಶಿವಪುತ್ರನ ಕಂಪ್ಯೂಟರೂ ಏಣಿಯಿಲ್ಲದ ಚಕ್ಕಡಿಯೂ

ಶಿವಪುತ್ರ ಕೇಳಿದ: "ತಾಯಿ, ನಿಮ್ಮ ಪದಗಳನ್ನು ಹಿಡಿದಿಡಲು ಒಂದು ಕಂಪ್ಯೂಟರ್ ಕಟ್ಟುತ್ತೇನೆ ಅಂದಿದ್ದೆನಲ್ಲ, ಅದರಲ್ಲಿ ಮೊದಲು ಯಾವ ಭಾಗ ಆರಿಸಲಿ?"

ನೀಲಗಂಗವ್ವ ತಾಯಿ ಏಕತಾರಿ ಹಿಡಿದು ತತ್ವಪದ ಹಾಡುವವರು. ಓದು ಬರಹ ಕಲಿತವರಲ್ಲ. ಅವರ ಗುರುವಿನಿಂದ ಬಂದ ಪದಗಳೆಲ್ಲ ಅವರ ಬಾಯಲ್ಲಿವೆ, ಬೇರೆಲ್ಲೂ ಇಲ್ಲ. ತಾಯಿಗೆ ವಯಸ್ಸಾಗಿದೆ. ಪದಗಳನ್ನು ಅವರ ಧ್ವನಿಯಲ್ಲೇ ಉಳಿಸುತ್ತೇನೆಂದು ಶಿಷ್ಯ ಶಿವಪುತ್ರ ಹೋದ ಸುಗ್ಗಿಯಲ್ಲೇ ಮಾತು ಕೊಟ್ಟಿದ್ದ. ಆದರೆ ಅಂಗಡಿಯಲ್ಲಿ ಸಿಗುವ ಸಿದ್ಧ ಕಂಪ್ಯೂಟರ್ ಅವನ ಮನಸ್ಸಿಗೆ ಬರಲಿಲ್ಲ. ಒಂದೊಂದು ಭಾಗವನ್ನೂ ತಾನೇ ಆರಿಸಿ, ಜಿಲ್ಲೆಯಲ್ಲಿ ಯಾರ ಹತ್ತಿರವೂ ಇಲ್ಲದಂಥದ್ದನ್ನು ಕಟ್ಟಬೇಕೆಂದು ಹಟ.

"ಏನೇನು ಇರುತ್ತವಪ್ಪ ಅದರೊಳಗೆ?" ಎಂದರು ತಾಯಿ.

"ಪ್ರೊಸೆಸರ್ ಅಂತ ಒಂದು, ಅದು ಯೋಚನೆ ಮಾಡುವುದು. ರ‍್ಯಾಮ್ ಅಂತ ಒಂದು, ಅದು ಕೈಲಿರುವ ಕೆಲಸ ನೆನಪಿಟ್ಟುಕೊಳ್ಳುವುದು. ಇವೆಲ್ಲ ಕೂರುವುದು ಮದರ್‌ಬೋರ್ಡ್ ಮೇಲೆ. ಚಿತ್ರ ಮೂಡಿಸಲು ಗ್ರಾಫಿಕ್ಸ್ ಕಾರ್ಡ್. ಎಲ್ಲಕ್ಕೂ ಕರೆಂಟ್ ಹಂಚಲು ಪವರ್ ಸಪ್ಲೈ. ಕಾಯದಂತೆ ಗಾಳಿ ಬೀಸಲು ಫ್ಯಾನು. ದೊಡ್ಡ ಪ್ರೊಸೆಸರ್ ತಂದರೆ ಬೋರ್ಡಿನಲ್ಲಿ ಕೂರುವುದಿಲ್ಲ. ಬೋರ್ಡ್ ಬದಲಾಯಿಸಿದರೆ ರ‍್ಯಾಮ್ ಹೊಂದುವುದಿಲ್ಲ. ಕಾರ್ಡ್ ಉದ್ದವಾದರೆ ಡಬ್ಬಿಯ ಬಾಗಿಲು ಮುಚ್ಚುವುದಿಲ್ಲ. ಎಲ್ಲ ಕೂಡಿಬಂತು ಅನ್ನುವಷ್ಟರಲ್ಲಿ ಇದಕ್ಕಿಂತ ಬಲವಾದದ್ದು ಬರುತ್ತದೆಂದು ಸುದ್ದಿ ಬರುತ್ತದೆ."

"ಮನೆ ತುಂಬ ಸೊಸೆಯಂದಿರು ಇದ್ದ ಹಾಗಾಯಿತು. ನಿನ್ನ ಜೇಬಿನಲ್ಲಿರುವ ಫೋನು ಪದ ಹಿಡಿಯುವುದಿಲ್ಲವೇ?"

"ಹಿಡಿಯುತ್ತದೆ ತಾಯಿ. ಆದರೆ ಅದು ನಿಮ್ಮ ಯೋಗ್ಯತೆಗೆ ತಕ್ಕದ್ದಲ್ಲ."

ತಾಯಿ ಏಕತಾರಿಯನ್ನು ಗೋಡೆಗೆ ಒರಗಿಸಿ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ತಂಗಿ. ಅವಳನ್ನು ಹಳ್ಳದಾಚೆಯ ಊರಿಗೆ ಕೊಟ್ಟಿತ್ತು. ನಾಗರ ಪಂಚಮಿ ಬಂದರೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಕರೆಯಲು ಯಾರೂ ಬಾರದ ಹೆಣ್ಣನ್ನು ಓಣಿಯ ಹೆಂಗಸರು ಮಾತಿನಲ್ಲೇ ಅರೆದುಬಿಡುತ್ತಾರೆ, ನಿನಗೆ ಗೊತ್ತಿಲ್ಲದ್ದೇನಲ್ಲ.

ರೈತನ ಚಕ್ಕಡಿ ಹಳೆಯದು. ಅದು ಊರ ಹೊರಗೆ ಇರುವಾಗಲೇ ಕಿರುಗುಟ್ಟುವ ಸದ್ದು ಊರೊಳಗೆ ಬರುತ್ತಿತ್ತು. ತಂಗಿ ಸದ್ದು ಕೇಳಿಯೇ ಗಂಟು ಹಿಡಿದು ಹೊರಗೆ ಬರುತ್ತಿದ್ದಳು. ಒಂದು ವರ್ಷ ಅವಳ ಅತ್ತೆ, "ನಿಮ್ಮಣ್ಣನ ಚಕ್ಕಡಿ ಬಂದ ದಿನ ನಮ್ಮ ಎಮ್ಮೆ ಹಾಲು ಬಿಡುವುದಿಲ್ಲ" ಅಂದಳು. ಆ ಮಾತು ರೈತನ ಕಿವಿಗೆ ಬಿತ್ತು. ಬರುವ ಪಂಚಮಿಗೆ ಯಾವ ಊರಲ್ಲೂ ಇಲ್ಲದ ಚಕ್ಕಡಿಯಲ್ಲಿ ತಂಗಿಯನ್ನು ತರುತ್ತೇನೆ, ಇಲ್ಲದಿದ್ದರೆ ನಾನು ಅಣ್ಣನೇ ಅಲ್ಲ ಅಂದ.

ಬಡಿಗನ ಊರಿಗೆ ಹೋಗಿ ಅಲ್ಲೇ ಬಿಡಾರ ಹೂಡಿದ. ಒಂದು ಊರಿನಿಂದ ಎತ್ತರದ ಗಾಲಿ ತಂದ. ಅಂಥ ಗಾಲಿಯನ್ನು ಬಡಿಗನೂ ಕಂಡಿರಲಿಲ್ಲ. ಜೋಡಿಸಿದರೆ ನೊಗ ಎತ್ತುಗಳ ತಲೆಗಿಂತ ಮೇಲೆ ಹೋಯಿತು. ಎತ್ತುಗಳು ಕೆಳಗೆ ನಿಂತು ಅದನ್ನು ನೋಡಿದವು. ಗಾಲಿ ಬದಲಾಯಿಸು ಎಂದ ಬಡಿಗ. ಅಷ್ಟು ಒಳ್ಳೆಯ ಗಾಲಿಯನ್ನು ಬಿಡಲು ಮನಸ್ಸು ಬಂದೀತೇ? ರೈತ ಎತ್ತು ಬದಲಾಯಿಸಿದ.

ಹೊಸ ಎತ್ತುಗಳು ಆನೆಮರಿಗಳ ಹಾಗಿದ್ದವು. ಮೊದಲ ಎಳೆತಕ್ಕೇ ನೊಗವನ್ನು ಚಕ್ಕಡಿಗೆ ಸೇರಿಸುವ ಮೂಕಿಮರ ಕಿತ್ತು ಬಂತು. ನೊಗ, ಮೂಕಿ, ಎತ್ತು ಎಲ್ಲ ಹೊಲಕ್ಕೆ ಹೋದವು. ಚಕ್ಕಡಿ ಅಂಗಳದಲ್ಲೇ ಉಳಿಯಿತು. ಸಾಗುವಾನಿಯ ಮೂಕಿ ತಂದ. ಅದರ ಭಾರಕ್ಕೆ ಅಚ್ಚು ಬಾಗಿತು. ಕಬ್ಬಿಣದ ಅಚ್ಚು ಹಾಕಿಸಿ, ಎಣ್ಣೆ ಸುರಿದು ಸುರಿದು, ಕಿರುಗುಟ್ಟುವ ಸದ್ದೇ ಇಲ್ಲದಂತೆ ಮಾಡಿದ. ಎಲ್ಲ ಸೇರಿದ ಮೇಲೆ ನೋಡಿದರೆ ಚಕ್ಕಡಿ ಬಡಿಗನ ಅಂಗಳದ ಬಾಗಿಲಲ್ಲಿ ತೂರಲಿಲ್ಲ.

ಬಡಿಗ ಹೇಳಿದ: "ಪಂಚಮಿ ಹತ್ತಿರ ಬಂತಪ್ಪ. ನಿನ್ನ ಮನೆಯಲ್ಲಿ ಹಳೆಯ ಚಕ್ಕಡಿ ನಿಂತಿದೆ. ಅದನ್ನೇ ಹೂಡಿಕೊಂಡು ಹೋಗಿ ತಂಗಿಯನ್ನು ಕರೆದು ತಾ. ಇದು ಮುಂದಿನ ವರ್ಷಕ್ಕಾಗಲಿ."

"ಅದರಲ್ಲಿ ಕೋಳಿ ಕಾವಿಗೆ ಕೂತಿದೆ."

"ಎತ್ತಿ ಬುಟ್ಟಿಯಲ್ಲಿಡು."

"ಕಾವಿಗೆ ಕೂತದ್ದನ್ನು ಎಬ್ಬಿಸಬಾರದು" ಎಂದ ರೈತ. ಕೋಳಿಯ ಮೇಲೆ ಅವನಿಗೆ ಅಷ್ಟು ಕರುಣೆ. ತಂಗಿಯೂ ಬಾಗಿಲಲ್ಲಿ ಕೂತಿದ್ದಾಳೆಂಬುದು ಆಗ ತೋಚಲಿಲ್ಲ.

ಅಂಗಳದ ಗೋಡೆ ಕೆಡವಬೇಕು ಎಂದಾಗ ಬಡಿಗನ ಹೆಂಡತಿ ಒಪ್ಪಲಿಲ್ಲ. ಅವಳನ್ನು ಒಪ್ಪಿಸುವಷ್ಟರಲ್ಲಿ ಹಬ್ಬ ಬಂದು ಹೋಯಿತು. ವಾದದ ಭರದಲ್ಲಿ ರೈತನಿಗೆ ಅದು ಗೊತ್ತಾಗಲಿಲ್ಲ.

ಅತ್ತ ತಂಗಿ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಒಬ್ಬೊಬ್ಬಳ ಅಣ್ಣ ಬಂದು ಒಬ್ಬೊಬ್ಬಳನ್ನು ಕರೆದುಕೊಂಡು ಹೋದ. ಓಣಿ ಖಾಲಿಯಾಯಿತು. ಅವಳು ಕಿವಿಯನ್ನು ದಾರಿಯ ಕಡೆಗೇ ಇಟ್ಟಿದ್ದಳು. ಕೊನೆಗೆ ಅತ್ತೆಯೇ, "ಆ ಕಿರುಗುಟ್ಟುವ ಚಕ್ಕಡಿಯಾದರೂ ಬರಬಾರದಿತ್ತೇ" ಅಂದಳು. ತಂಗಿ ಎದ್ದು, ಗಂಟನ್ನು ತಲೆಯ ಮೇಲಿಟ್ಟುಕೊಂಡು, ತವರಿನ ದಾರಿ ಹಿಡಿದು ನಡೆದಳು.

ಇತ್ತ ಗೋಡೆ ಬಿತ್ತು. ಚಕ್ಕಡಿ ಹೊರಗೆ ಬಂತು. ರೈತ ಎತ್ತಿನ ಕೊಂಬಿಗೆ ಗೊಂಡೆ ಕಟ್ಟಿ, ಮನೆಗೂ ಹೋಗದೆ, ನೇರ ತಂಗಿಯ ಊರಿಗೆ ಹೊರಟ. ಹಳ್ಳದ ಹತ್ತಿರ ಒಬ್ಬ ಹೆಣ್ಣುಮಗಳು ಗಂಟು ಹೊತ್ತು ಮುಂದೆ ಹೋಗುತ್ತಿದ್ದಳು. ಚಕ್ಕಡಿ ಬೆನ್ನ ಹಿಂದೆ ಬಂದರೂ ತಿರುಗಿ ನೋಡಲಿಲ್ಲ. ಸದ್ದಿದ್ದರಲ್ಲವೇ ನೋಡುವುದು? ಅವನೇ ಇಳಿದು ನೋಡಿದರೆ, ತಂಗಿ.

"ಪಂಚಮಿಗೆ ಕರೆಯಲು ಬಂದೆನವ್ವ" ಎಂದ.

"ಪಂಚಮಿ ಮುಗಿಯಿತಣ್ಣ. ನಾನೇ ನಡೆದು ಹೋಗಿ ಬಂದೆ. ಜೋಕಾಲಿ ಆಡಿದೆ. ನಿನ್ನ ಪಾಲಿನ ಉಂಡಿಯನ್ನು ಅತ್ತಿಗೆ ಗಡಿಗೆಯಲ್ಲಿ ತೆಗೆದಿಟ್ಟಿದ್ದಾಳೆ. ನಿನ್ನ ಕೋಳಿ ಮರಿ ಮಾಡಿದೆ."

ರೈತ ತಲೆ ತಗ್ಗಿಸಿದ. "ಹೋಗಲಿ, ಊರ ತನಕವಾದರೂ ಹತ್ತಿ ಕೂರು."

ತಂಗಿ ಗಾಲಿಯ ಬುಡದಿಂದ ಮೇಲಿನವರೆಗೆ ನೋಡಿದಳು. "ಏಣಿ ತಂದಿದ್ದೀಯಾ?"

ತಂದಿರಲಿಲ್ಲ. ಅವಳು ಮುಂದೆ ನಡೆದಳು. ಖಾಲಿ ಚಕ್ಕಡಿ ಅವಳ ಹಿಂದೆ ಹೋಯಿತು. ಊರವರೆಲ್ಲ ಹೊರಗೆ ಬಂದು ಚಕ್ಕಡಿಯನ್ನು ಬಹಳ ಹೊಗಳಿದರು.

ಇಷ್ಟು ಹೇಳಿ ತಾಯಿ ನಿಲ್ಲಿಸಿದರು. ಶಿವಪುತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಆ ರೈತ ದಡ್ಡ, ತಾಯಿ. ಎತ್ತಿನ ಎತ್ತರ ನೋಡಿಕೊಂಡು ಗಾಲಿ ತರಬೇಕಿತ್ತು. ಈಗ ನನಗೆ ತಿಳಿಯಿತು. ಮೊದಲು ಮದರ್‌ಬೋರ್ಡ್ ಆರಿಸುತ್ತೇನೆ, ಅದಕ್ಕೆ ಹೊಂದುವ ಪ್ರೊಸೆಸರ್ ಆಮೇಲೆ. ದೀಪಾವಳಿಯ ಹೊತ್ತಿಗೆ ಹೊಸದೊಂದು ಬರುತ್ತದಂತೆ. ಅದೊಂದು ಬಂದುಬಿಡಲಿ."

ತಾಯಿ ಏಕತಾರಿಯನ್ನು ಮಡಿಲಿಗೆ ಎಳೆದುಕೊಂಡು, ತಂತಿಯನ್ನು ಒಮ್ಮೆ ಮೀಟಿ, ಕೈ ನಿಲ್ಲಿಸಿದರು.

"ಬೆಳಿಗ್ಗೆಯಿಂದ ಒಂದು ಪದದ ಕೊನೆಯ ನುಡಿ ಬಾಯಿಗೆ ಬರುತ್ತಿಲ್ಲ ಶಿವಪುತ್ರ, ಕಾದು ಕಾದು ಅದೂ ಗಂಟು ಕಟ್ಟಿಕೊಂಡು ನಡೆದಿರಬೇಕು."