ಕೂಸಿನ ಪಾಲಿನ ಗೇಣು

ಪೆಸಿಫಿಕ್ ಕಡಲ ನಡುವೆ ದೇವರು ಒಂದು ಪುಟ್ಟ ದ್ವೀಪವನ್ನಿಟ್ಟಿದ್ದ. ಅಲ್ಲಿ ಕೂಸು ಹುಟ್ಟಿದಾಗಲೆಲ್ಲ ಊರ ಬಲೆಗೆ ಒಂದು ಗೇಣು ಹೆಣೆದು ಸೇರಿಸುವುದು ವಾಡಿಕೆ. ಕೂಸುಗಳು ಹೆಚ್ಚಿದವು, ಬಲೆ ಬೆಳೆಯಿತು. ಮೀನು ಮಾತ್ರ ಕಡಿಮೆಯಾಯಿತು. ಇಷ್ಟು ದೊಡ್ಡದಾಗಿಯೂ ಖಾಲಿ ಹೊಟ್ಟೆಯಲ್ಲಿ ದಡಕ್ಕೆ ಬರುತ್ತೇನಲ್ಲ ಎಂದು ಬಲೆಗೆ ಒಂದೇ ಗಲಿಬಿಲಿ.

ಒಂದು ಬೆಳಿಗ್ಗೆ ಬಸುರಿ ಮೀನೊಂದು ಬಲೆಗೆ ಸಿಕ್ಕಿತು.

"ಬಿಡಣ್ಣಾ," ಎಂದಿತು ಮೀನು. "ಕಡಲು ಕಾದು ಹವಳದ ಬಂಡೆಗಳೆಲ್ಲ ಬೆಳ್ಳಗಾಗಿ ಸತ್ತಿವೆ. ಮೊಟ್ಟೆಯಿಡಲು ಉಳಿದದ್ದು ಇದೊಂದೇ ಬಂಡೆ."

"ಹೇಗೆ ಬಿಡಲಮ್ಮಾ?" ಎಂದಿತು ಬಲೆ. "ನಿನ್ನೆ ಊರಲ್ಲಿ ಕೂಸು ಹುಟ್ಟಿದೆ. ಬಾಣಂತಿಗೆ ಸಾರು ಬೇಡವೇ?"

"ಕೂಸಿಗೊಂದು ಗೇಣಿನಂತೆ ನೀನು ಬೆಳೆದೆ. ನನ್ನ ಮನೆಗೆ ಯಾರು ಗೇಣು ಸೇರಿಸಿದರು?"

"ದೇವರೇ, ಆ ಕೂಸೂ ನಿನ್ನದು, ಈ ಬಸುರಿಯೂ ನಿನ್ನವಳು. ಬಿಗಿಯಲೋ, ಬಿಡಲೋ?" ಎಂದು ಬಲೆ ಬೇಡಿಕೊಂಡು, ಸರಿಯೋ ತಪ್ಪೋ ತಿಳಿಯದೆಯೇ ಬಂಡೆಯ ಮೊನೆಗೆ ಮೈಯೊಡ್ಡಿ ಒಂದು ಗೇಣು ಹರಿದುಕೊಂಡಿತು. ಮೀನು ನುಸುಳಿ ಹೋಯಿತು.

ಮಧ್ಯಾಹ್ನ ಹೊಸ ಕೂಸಿನ ಗೇಣು ಹೆಣೆಯಲು ಲೋಸಾ ಅಜ್ಜಿ ದಾರ ತಂದಳು. ಹರಿದ ಕಡೆ ಅಂಟಿದ್ದ ಮೀನಿನ ಮೊಟ್ಟೆಗಳು ಅವಳ ಬೆರಳಿಗೆ ತಾಗಿದವು. ಅಜ್ಜಿ ದಾರವನ್ನು ಮಡಿಲಿಗಿಟ್ಟಳು.

"ತೂತು ಮುಚ್ಚೋದಿಲ್ವೇನಜ್ಜಿ?" ಎಂದ ಕೂಸಿನ ಅಪ್ಪ.

"ಈ ತೂತಿನ ಗೇಣೇ ನಿನ್ನ ಮಗಳದು ಕಣಪ್ಪಾ. ದೊಡ್ಡವಳಾದ ಮೇಲೆ ಅವಳಿಗೂ ಮೀನು ಬೇಡ್ವೇ? ಇವತ್ತು ಬಾಣಂತಿಗೆ ನಾನು ತೆಂಗಿನ ಹಾಲಿನ ಗಂಜಿ ಕಾಯಿಸ್ತೀನಿ."

ಹೀಗೆಂದು ಅಜ್ಜಿ ತೂತಿನ ಸುತ್ತ ಅಂಚು ಕಟ್ಟಿ, ಅದನ್ನು ತೆರೆದೇ ಬಿಟ್ಟಳು.

ಒಂದು ಗೇಣು ಬೆಳೆದೆನೋ, ಕಳೆದುಕೊಂಡೆನೋ ಬಲೆಗೆ ಇಂದಿಗೂ ತಿಳಿದಿಲ್ಲ. ಬಲ್ಲವನು ಮೇಲಿದ್ದಾನೆ.