ಜೇನುತಂಗಿಯ ಕತೆ ಉಳಿಸಿದ ಜಾಜಿ

ಏಳು ಬೆಟ್ಟದ ಆಚೆ, ಏಳು ಹಳ್ಳದ ಈಚೆ ಒಂದು ಕಾಡು. ಆ ಕಾಡಿನೊಳಗೆ ಜೇನು ಕೀಳುವವರ ಹಾಡಿಯೊಂದು ಇತ್ತಂತೆ. ಇಪ್ಪತ್ತು ಗುಡಿಸಲು, ಅಷ್ಟೆ. ಅಲ್ಲಿ ಕೇತಜ್ಜಿ ಅಂತ ಒಬ್ಬಳು ಮುದುಕಿ, ಅವಳ ಹರೆಯದ ಮೊಮ್ಮಗಳು ಜಾಜಿ ಇದ್ದರಂತೆ.

ಆ ಹಾಡಿಯಲ್ಲಿ ಒಂದು ಕಟ್ಟಳೆ. ಹೆಜ್ಜೇನು ಕಟ್ಟಿದ ಮರ ಹತ್ತುವ ಮೊದಲು ಬುಡದಲ್ಲಿ ನಿಂತು ಜೇನುತಂಗಿಯ ಕತೆ ಹೇಳಬೇಕು. ಹೇಳದೆ, ಇಲ್ಲವೆ ತಪ್ಪಾಗಿ ಹೇಳಿ ಮರ ಮುಟ್ಟಿದರೆ ಜೇನು ಕಚ್ಚಿ ಜೀವ ತೆಗೆಯುತ್ತದೆ ಅಂತ ನಂಬಿಕೆ. ಆ ಕತೆ ಪೂರ್ತಿ ಬರುತ್ತಿದ್ದುದು ಕೇತಜ್ಜಿ ಒಬ್ಬಳಿಗೇ. ಹೀಗಿರುವಾಗ ಒಂದು ದಿನ ಅಜ್ಜಿಗೆ ಬಾಯಿ ಬಿದ್ದುಹೋಯಿತಂತೆ. ಕಿವಿ ಕೇಳುತ್ತದೆ, ಕಣ್ಣು ಕಾಣುತ್ತದೆ, ಮಾತು ಮಾತ್ರ ಇಲ್ಲ.

ಹೂವಿನ ಕಾಲ ಬಂತು. ಮರದ ಮೇಲೆ ಜೇನೋ ಜೇನು, ಮರದ ಕೆಳಗೆ ಹಸಿದ ಮಕ್ಕಳು. ಯಾರೂ ಹತ್ತಲಿಲ್ಲ.

"ಕತೆ ಹೋಯ್ತು. ಇನ್ನು ಈ ಕಾಡು ಬಿಟ್ಟು ನಡೀರಿ" ಅಂದನಂತೆ ಯಜಮಾನ ಮಾಸ್ತಿ.

ಅಜ್ಜಿ ಕತೆ ಹೇಳುವಾಗೆಲ್ಲ ಅರ್ಧಕ್ಕೇ ತೂಕಡಿಸಿದವಳು ಜಾಜಿ. ಈಗ ಅವಳೇ ಹಾಡಿಯ ಮಕ್ಕಳನ್ನು ಕೂಡಿಸಿಕೊಂಡು ಅಜ್ಜಿಯ ಮುಂದೆ ಕೂತಳು.

"ಅಜ್ಜೀ, ನಾನು ಹೇಳ್ತೀನಿ. ತಪ್ಪಿದ್ರೆ ನೆಲ ಬಡಿ."

ಶುರು ಮಾಡಿದಳು. "ಒಬ್ಬ ಅಣ್ಣ, ಒಬ್ಬಳು ತಂಗಿ. ತಂಗಿ ಜೇನಾಗಿ ಮರ ಸೇರಿದಳು. ಅಣ್ಣ ಕೊಡಲಿ ತಂದ..." ಅಜ್ಜಿ ನೆಲ ಬಡಿದಳು. "ಕೊಡಲಿ ಅಲ್ವಾ? ಬುಟ್ಟಿ ತಂದ." ಅಜ್ಜಿ ಹೌದೆಂದು ತಲೆಯಾಡಿಸಿದಳು. ಹೀಗೆ ಒಂದು ದಿನವಲ್ಲ, ಎರಡು ದಿನವಲ್ಲ, ಆರು ದಿನ ನಡೆಯಿತಂತೆ.

ಏಳನೇ ದಿನ ಕೊನೆಯ ಮಾತು ಸಿಕ್ಕಲಿಲ್ಲ. "ಅಣ್ಣ ಎಲ್ಲಾ ಜೇನು ಒಯ್ದ." ಅಜ್ಜಿ ನೆಲ ಬಡಿದಳು. "ಅರ್ಧ ಒಯ್ದ." ಮತ್ತೆ ಬಡಿದಳು. ಜಾಜಿ ಮುಖ ಮುಚ್ಚಿಕೊಂಡು ಅತ್ತಳು. ಆಗ ಎಲ್ಲರಿಗಿಂತ ಚಿಕ್ಕವಳು, ಪುಟ್ಟಬೊಮ್ಮಿ, ಕೇಳಿದಳಂತೆ: "ಅಕ್ಕಾ, ತಂಗಿಗೆ ಮಕ್ಕಳಿರಲಿಲ್ವಾ? ಜೇನುಹುಟ್ಟಲ್ಲಿ ಮರಿ ಇರೋ ಎರಿ ಬಿಟ್ಟು ಹೋಗಿರ್ತಾನೆ ಸೋದರಮಾವ!"

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು. ಜಾಜಿ ಆ ಕೂಸನ್ನು ಎತ್ತಿಕೊಂಡು ಮುದ್ದಾಡಿದಳು.

ಮಾರನೇ ದಿನ ಮರದ ಬುಡದಲ್ಲಿ ಮಾಸ್ತಿ ತಡೆದ. "ನಿನ್ನೆ ಮೊನ್ನೆ ಹುಟ್ಟಿದವಳು, ನೀನು ಕತೆ ಹೇಳ್ತೀಯಾ? ಹುಡುಗರ ಜೀವ ಹೋದ್ರೆ?"

"ಅಜ್ಜಿ ಒಪ್ಪಿದ ಕತೆ, ಮಾವಾ. ಒಂದ್ಸಲ ಕೇಳು" ಅಂದಳು ಜಾಜಿ. ಅವಳು ಹೇಳಿದಳು, ಮಕ್ಕಳು ಹೂಂಗುಟ್ಟಿದರು. ಹತ್ತಿದವರು ಮರಿ ಇರುವ ಎರಿ ಬಿಟ್ಟು, ಬುಟ್ಟಿ ತುಂಬಿಕೊಂಡು ಕ್ಷೇಮವಾಗಿ ಇಳಿದರಂತೆ.

ಮೊದಲ ಜೇನನ್ನು ಜಾಜಿ ಅಜ್ಜಿಯ ಬಾಯಿಗಿಟ್ಟಳು. ಅಜ್ಜಿ ಜೇನಲ್ಲಿ ಬೆರಳು ಅದ್ದಿ ಮೊಮ್ಮಗಳ ಬಾಯಿಗಿಟ್ಟಳು, ಆಮೇಲೆ ಪುಟ್ಟಬೊಮ್ಮಿಯ ಬಾಯಿಗೆ. ಇಬ್ಬರಿಗೂ ಕೈ ಜೋಡಿಸಿದಳು. ಜಾಜಿ ಆ ಕೈ ಬಿಡಿಸಿ ತನ್ನ ಕಣ್ಣಿಗೊತ್ತಿಕೊಂಡಳು. "ಕೈ ಮುಗೀಬೇಕಾದವರು ನಾವು ಅಜ್ಜೀ, ನೀನಲ್ಲ."

ಅಂದಿನಿಂದ ಜಾಜಿ ದಿನಾ ಬೆಳಿಗ್ಗೆ ಮಕ್ಕಳಿಗೆಲ್ಲ ಕತೆ ಕಲಿಸಿದಳು. ಒಂದು ದಿನ ನೋಡುತ್ತಾಳೆ, ಮಕ್ಕಳ ಸಾಲಿನ ಕೊನೆಯಲ್ಲಿ ಮಾಸ್ತಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ.

"ನಂಗೂ ಕಲಿಸವ್ವಾ" ಅಂದನಂತೆ.

ಅವರ ಹಾಡಿಯಲ್ಲಿ ಅವರು ತಣ್ಣಗಿರಲಿ, ಕೇಳಿದ ನಿಮ್ಮ ಮನೆಯೂ ತಣ್ಣಗಿರಲಿ.