ಹಿರಿಯಕ್ಕ ಆರಿಸಿದ ಜೊತೆಗಾರ

ಚಳಿಗಾಲ ಮುಗಿದು, ಹೆಬ್ಬಾತುಗಳು ಹಿಮಾಲಯದಾಚೆಗೆ ಮರಳುವ ಹೊತ್ತು ಬಂದಿತ್ತು. ಈ ಸಲ ಗುಂಪಿನ ಮುಂದಾಳು ಯಾರು, ಅವರ ಪಕ್ಕದಲ್ಲಿ ಹಾರುವವರು ಯಾರು ಎಂದು ಕೆರೆಯಲ್ಲೆಲ್ಲ ಅದೇ ಮಾತು.

“ಮುಂದಾಳು ಹಿರಿಯಕ್ಕನೇ. ಪಕ್ಕಕ್ಕೆ ಗಟ್ಟಿ ರೆಕ್ಕೆಯವನನ್ನು ಕರೆಯುತ್ತಾಳೆ, ನೋಡುತ್ತಿರು,” ಎಂದಿತು ಬೆಳ್ಳಕ್ಕಿ.

“ಇಲ್ಲ, ದೊಡ್ಡ ದನಿಯವನನ್ನು ಕರೆಯುತ್ತಾಳೆ. ಆಚೆ ದಡದ ಹೆಬ್ಬಾತುಗಳೂ ಅವನ ಕೂಗು ಕೇಳಿ ಜೊತೆಗೂಡಬೇಕಲ್ಲ?” ಎಂದಿತು ನೀರುಕೋಳಿ.

ಹೆಬ್ಬಾತುಗಳೆಲ್ಲ ಹಿರಿಯಕ್ಕನನ್ನೇ ಮುಂದಾಳಾಗಿ ಆರಿಸಿದವು. ಆಕೆ ಗಟ್ಟಿ ರೆಕ್ಕೆಯವನನ್ನೂ ದೊಡ್ಡ ದನಿಯವನನ್ನೂ ದಾಟಿ ಹೋಗಿ, ಅಂಚಿನಲ್ಲಿದ್ದ ಬಡಕಲು ಹೆಬ್ಬಾತಿನ ಎದುರು ನಿಂತಳು.

“ನನ್ನ ಪಕ್ಕದಲ್ಲಿ ನೀನು ಹಾರು.”

“ಅಕ್ಕಾ, ಇಲ್ಲಿಗೆ ಬರುವಾಗ ಎಲ್ಲರಿಗಿಂತ ಕೊನೆಗೆ ತಲುಪಿದವನು ನಾನು.”

“ಗೊತ್ತಪ್ಪಾ. ದಣಿದು ಕೆಳಗಿಳಿದ ಮರಿಯೊಂದರ ಜೊತೆ ನೀನೊಬ್ಬನೇ ಉಳಿದೆ. ಮುಂದೆ ಹಾರುತ್ತಿದ್ದ ನಮಗೆ ಅದು ಕಾಣಲೇ ಇಲ್ಲ. ಇನ್ನು ಯಾರಾದರೂ ಹಿಂದುಳಿದರೆ ನನಗೆ ಹೇಳು, ನಿಲ್ಲುತ್ತೇನೆ.”

ಬಡಕಲು ಹೆಬ್ಬಾತು ನಾಚಿ ಕತ್ತು ತಗ್ಗಿಸಿತು. ಆ ವರ್ಷ ಗುಂಪು ದಾರಿಯಲ್ಲಿ ಎಷ್ಟೋ ಕಡೆ ಇಳಿಯಿತು, ಕಾಯಿತು. ಊರು ಸೇರುವಾಗ ತಡವಾಗಿತ್ತು. ಆದರೆ ಆ ಸಲ ಮಕ್ಕಳಿಗಾಗಿ ಹಿಂತಿರುಗಿ ಆಕಾಶ ನೋಡುವ ತಾಯಿ ಒಬ್ಬಳೂ ಇರಲಿಲ್ಲ.